ಗುಲಾಬ್ ದೀನನ ಗಂಜಿ, ಸರದಾರರ ತುರಾಯಿ

ನಮ್ಮ ಕೋಟ್ ಬಖ್ತಾದ ಚರಿತ್ರೆ ಹೇಳುವವರು ಕೋಟೆಯಿಂದ ಶುರುಮಾಡುತ್ತಾರೆ, ಇಲ್ಲವೇ ಕುದುರೆಗಳಿಂದ, ಇಲ್ಲವೇ ನೇರವಾಗಿ ಘಜ್ನಿಯಿಂದ. ಗಂಜಿಯಿಂದ ಶುರುಮಾಡಿದವರನ್ನು ನಾನು ಕಂಡಿಲ್ಲ. ಇದು ಅನ್ಯಾಯ. ಒಂದು ಕಾಲದಲ್ಲಿ ಈ ಊರಿನ ಶಾಂತಿ ನಿಂತಿದ್ದು ಕೋಟೆಯ ಮೇಲೂ ಅಲ್ಲ, ಪೊಲೀಸ್ ಚೌಕಿಯ ಮೇಲೂ ಅಲ್ಲ. ಧೋಬಿ ಗುಲಾಬ್ ದೀನನ ಹಂಡೆಯಲ್ಲಿ ಕುದಿಯುತ್ತಿದ್ದ ನುಚ್ಚಕ್ಕಿಯ ಗಂಜಿಯ ಮೇಲೆ.

ಗುಲಾಬ್ ದೀನ್ ನೋಡಲು ಗುಲಾಬಿಯಂತೇನೂ ಇರಲಿಲ್ಲ. ಒಣಕಲು ಮೈ, ಬಗ್ಗಿದ ಬೆನ್ನು, ಹುಬ್ಬಿನ ಮೇಲೆ ಸದಾ ಒಣಗಿದ ಗಂಜಿಯ ಚೂರು. ಊರಿನ ಎರಡು ಕಿರೀಟಗಳನ್ನು ಎತ್ತಿ ನಿಲ್ಲಿಸುತ್ತಿದ್ದ ಈ ಮನುಷ್ಯ ತನ್ನ ತಲೆಗೆ ಸುತ್ತಿಕೊಳ್ಳುತ್ತಿದ್ದದ್ದು ಒಂದು ಹಳೆಯ ಟವೆಲು. ಕೇಳಿದರೆ, "ಮಿಠಾಯಿ ಅಂಗಡಿಯೋನು ಮಿಠಾಯಿ ತಿಂತಾನೇನಪ್ಪಾ?" ಎನ್ನುತ್ತಿದ್ದ. ಹೆಂಡತಿಯ ಹೆಸರು ಸರ್ದಾರಾಂ. ಆ ಮನೆಯಲ್ಲಿ ಸರದಾರಿಕೆ ಯಾರದೆಂದು ಹೆಸರೇ ಹೇಳುತ್ತಿತ್ತು.

ಊರಿಗೆ ಆಳುವ ಮನೆತನಗಳು ಎರಡು. ಮೇಲಿನ ಮೊಹಲ್ಲಾದಲ್ಲಿ ಫತ್ಯಾಲ್ ಕುಲದ ಮಲಿಕರು, ಕೆಳಗಿನ ಮೊಹಲ್ಲಾದಲ್ಲಿ ಸಮಂದಾಲ್ ಕುಲದ ರಾಜರು. ಫತ್ಯಾಲರು ಹೇಳುವಂತೆ ಅವರ ಮೂಲಪುರುಷ ಫತೇಹ್ ಖಾನ್ ಸಾವಿರ ಕುದುರೆಗಳ ಸಮೇತ ಬಂದು ಈ ಉಪ್ಪಿನ ಬೆಟ್ಟಗಳನ್ನು ಗೆದ್ದ. ಸಮಂದಾಲರು ಹೇಳುವಂತೆ ಬಂದದ್ದು ಒಂದೇ ಕುದುರೆ, ಅದೂ ಕುಂಟು, ಅದೂ ಅವರ ಮೂಲಪುರುಷ ಸಮಂದ್ ಖಾನನ ಲಾಯದಿಂದ ಕದ್ದದ್ದು. ಕೋಟೆ ಕಟ್ಟಿಸಿದವನು ಸಮಂದ್ ಖಾನ್ ಎಂಬುದನ್ನು ಮೇಲಿನವರೂ ಒಪ್ಪುತ್ತಾರೆ. ಆದರೆ ಬಾಗಿಲು ಇಡಿಸುವುದನ್ನು ಮರೆತು ಒಳಗೇ ಸಿಕ್ಕಿಕೊಂಡಿದ್ದ, ಹಗ್ಗ ಇಳಿಬಿಟ್ಟು ಎಳೆದುಕೊಂಡವರು ನಾವು ಎಂದು ಸೇರಿಸುತ್ತಾರೆ. ಎರಡೂ ಕುಲಗಳ ನಡುವೆ ನಡೆದ ಬೋರೆ ಮರದ ಮಹಾಸಮರ ಬೆಳಗಿನ ನಮಾಜಿನಿಂದ ಸಂಜೆಯ ನಮಾಜಿನವರೆಗೆ, ಮಧ್ಯೆ ಊಟಕ್ಕೆ ಬಿಡುವು ಕೊಟ್ಟು, ಘೋರವಾಗಿ ಸಾಗಿತು. ಅದರಲ್ಲಿ ಸತ್ತದ್ದು ಒಂದು ಮೇಕೆ. ಅದು ಯಾರ ಪಕ್ಷದಲ್ಲಿ ಹೋರಾಡುತ್ತಿತ್ತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಎರಡೂ ಮನೆತನದವರು ಅದರ ವೀರಮರಣವನ್ನು ತಮ್ಮ ಲೆಕ್ಕಕ್ಕೇ ಹಿಡಿದಿದ್ದಾರೆ.

ಜಗಳ ನಿಜವಾಗಿ ರಕ್ತ ಕಂಡದ್ದು ಗುಲಾಬ್ ದೀನನ ತಾತನ ಕಾಲದಲ್ಲಿ. ಒಂದು ಮದುವೆಯ ಊಟದಲ್ಲಿ ಯಾರ ಪಗಡಿಯ ತುದಿಯಲ್ಲಿ ನೆಟ್ಟಗೆ ನಿಲ್ಲುವ ತುರಾಯಿ ಹೆಚ್ಚು ಎತ್ತರ ಎಂದು ಮಾತು ಬೆಳೆದು, ದೊಣ್ಣೆಗಳು ಎದ್ದು, ಎರಡೂ ಕಡೆ ಒಂದೊಂದು ಕಿವಿ ಹೋಯಿತು. ಬೆಟ್ಟದ ದರ್ಗಾದ ಪೀರ್ ಸಾಹೇಬರನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕರೆತಂದರು. ನಿದ್ದೆ ಕೆಟ್ಟ ಸಿಟ್ಟಿನಲ್ಲಿ ಅವರು ಒಂದೇ ಉಸಿರಿಗೆ ಕರಾರು ಹೇಳಿಬಿಟ್ಟರು. ಎರಡೂ ತುರಾಯಿ ಒಂದು ಗೇಣು, ಸರಿಸಮ. ಎರಡಕ್ಕೂ ಒಂದೇ ಕೈ ಗಂಜಿ ಹಾಕಬೇಕು, ಒಂದೇ ಹಂಡೆಯಲ್ಲಿ, ಒಂದೇ ಗೋಡೆಯ ಮೇಲೆ ಒಣಗಿಸಬೇಕು. ಯಾರ ತುರಾಯಿ ಮೀರುತ್ತದೋ ಅವನ ಮನೆ ಇನ್ನೊಬ್ಬನ ಪಾಲು. ಗಂಜಿ ಹಾಕುವವನು ಮೋಸ ಮಾಡಿದರೆ ಹಂಡೆಯನ್ನು ತಲೆಯ ಮೇಲೆ ಹೊತ್ತು ಊರು ಬಿಡಬೇಕು. ಇಷ್ಟು ಹೇಳಿ ಪೀರ್ ಸಾಹೇಬರು ಮಲಗಲು ಹೋದರು. ಎರಡೂ ಮನೆತನದವರು ಸೇರಿ ಎರಡು ಮೊಹಲ್ಲಾಗಳ ನಡುವೆ ಗುಲಾಬ್ ದೀನನ ತಾತನಿಗೆ ಜಾಗ ಬಿಟ್ಟುಕೊಟ್ಟರು: ಎರಡು ಕೋಣೆ, ಒಂದು ಅಂಗಳ, ಸುಣ್ಣ ಬಳಿದ ಒಂದು ಉದ್ದನೆಯ ಗೋಡೆ.

ಗುಲಾಬ್ ದೀನ್ ಹುಟ್ಟಿದ್ದು ಆ ಗೋಡೆಯ ನೆರಳಿನಲ್ಲಿ. ಅವನಿಗೆ ಬೇರೆ ಮನೆಯಿಲ್ಲ, ಬೇರೆ ಕಸುಬಿಲ್ಲ. ಇರುವ ಕಸುಬಿನಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಬೆಟ್ಟಸೀಮೆಯಲ್ಲೇ ಇರಲಿಲ್ಲ. ನುಚ್ಚಕ್ಕಿಯನ್ನು ಕರಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಹಾಕಿ, ಮೊಣಕೈಯನ್ನು ಅದ್ದಿ ಬಿಸಿ ನೋಡುತ್ತಿದ್ದ. ಆಮೇಲೆ ಏಳು ಗಜದ ಮಲ್‌ಮಲ್ ಬಟ್ಟೆಯನ್ನು ಅದ್ದಿ ಹಿಂಡಿ, ಒಂದು ತುದಿ ಅವನು, ಇನ್ನೊಂದು ತುದಿ ಸರ್ದಾರಾಂ ಹಿಡಿದು ಅಂಗಳದಲ್ಲಿ ಜಗ್ಗಿ ಬೀಸುತ್ತಿದ್ದರು. ಅವರ ಸಂಸಾರದ ಸಮಸ್ತ ಮಾತುಕತೆ ನಡೆಯುತ್ತಿದ್ದದ್ದು ಈ ಏಳು ಗಜದ ಅಂತರದಲ್ಲಿ. ಮಗಳು ಸಕೀನಾಳ ಮದುವೆ ಗೊತ್ತಾದದ್ದೂ ಒದ್ದೆ ಪಗಡಿಯ ಎರಡು ತುದಿಗಳಲ್ಲೇ. ಕೊನೆಗೆ ಗುಲಾಬ್ ದೀನ್ ಹೆಬ್ಬೆರಳಿನ ಉಗುರಿನಿಂದ ಬಟ್ಟೆಯ ತುದಿಗೆ ನೆರಿಗೆ ಹೊಡೆದು, ಬೀಸಣಿಗೆಯಂತೆ ಬಿಡಿಸಿ, ಗೋಡೆಗೆ ಆನಿಸಿ ಒಣಗಿಸಿದನೆಂದರೆ, ತುರಾಯಿ ಕೋಳಿಯ ಜುಟ್ಟಿನಂತೆ ಎದ್ದು ನಿಲ್ಲುತ್ತಿತ್ತು.

ಅವನ ಕಾಲಕ್ಕೆ ಮೇಲಿನ ಮನೆತನದ ಯಜಮಾನರು ಮಲಿಕ್ ಸರ್‌ಬುಲಂದ್ ಖಾನ್. ಕೆಳಗಿನ ಮನೆತನದವರು ರಾಜಾ ಜಹಾನ್‌ದಾದ್ ಖಾನ್. ಮಲಿಕರು ಕುಳ್ಳಗೆ, ಗುಂಡಗೆ, ಹರವಿಯ ಹಾಗೆ. ರಾಜರು ಉದ್ದಕ್ಕೆ, ತೆಳ್ಳಗೆ, ಮುಖದ ಮುಕ್ಕಾಲು ಪಾಲು ಮೂಗು. ಇಬ್ಬರಿಗೂ ಬೇರೆ ಬೇರೆ ಮಸೀದಿ, ಬೇರೆ ಬೇರೆ ಬಾವಿ. ಈದ್ಗಾದಲ್ಲಿ ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಅವರು ಎಂದೂ ನಿಂತವರಲ್ಲ.

ಒಂದು ದಿನ ಮಲಿಕರು ಗುಲಾಬ್ ದೀನನನ್ನು ತಮ್ಮ ಬೈಠಕ್ಕಿಗೆ ಕರೆಸಿ, ಹುಕ್ಕಾ ತುಂಬುವವನನ್ನು ಆಚೆಗೆ ಕಳಿಸಿದರು.

"ಹತ್ತಿರ ಬಾರೋ ಗುಲಾಬ್. ನನ್ನನ್ನ ಸರಿಯಾಗಿ ನೋಡು. ಏನ್ ಕಾಣ್ಸುತ್ತೆ?"

"ಹುಲಿ ಕಾಣ್ಸುತ್ತೆ, ಮಲಿಕ್ ಸಾಹೇಬ್ರೇ."

"ಹುಲಿ ಎಷ್ಟೆತ್ತರ ಇದೆ?"

"ಹುಲೀನ ಉದ್ದಕ್ಕೆ ಅಳೀತಾರೆ ಹುಜೂರ್, ಎತ್ತರಕ್ಕಲ್ಲ."

"ನಾಲಿಗೆ ಒಳಗಿಡು. ಕೆಳಗಿನ ಮೊಹಲ್ಲಾದ ಆ ಒಂಟೆ ಇದ್ಯಲ್ಲ, ಅದು ಈದ್ಗಾದಾಗೆ ಎದ್ದು ನಿಂತ್ರೆ ನಮ್ ಹುಡುಗ್ರೆಲ್ಲ ಕತ್ತೆತ್ತಿ ನೋಡ್ತಾರೆ. ಅವನ ಕಾಲು ಅವನಪ್ಪ ಕೊಟ್ಟದ್ದು, ಅದಕ್ಕೆ ನಾನೇನೂ ಮಾಡೋ ಹಂಗಿಲ್ಲ. ತಲೆ ಮೇಲಿಂದು ಮಾತ್ರ ನಿನ್ನ ಕೈಲಿದೆ. ಒಂದು ಬೆರಳು ಜಾಸ್ತಿ ಮಾಡು."

"ಪೀರ್ ಸಾಹೇಬ್ರ ಕರಾರು..."

"ಒಂದೇ ಒಂದು ಬೆರಳು ಕಣೋ. ಕಿರುಬೆರಳು. ಅಂದ ಹಾಗೆ, ನೀನಿರೋ ಮನೆ ಅರ್ಧ ನಮ್ಮದು ಅನ್ನೋದು ನೆನಪಿದೆ ತಾನೇ?"

ಗುಲಾಬ್ ದೀನನಿಗೆ ಚೆನ್ನಾಗಿ ನೆನಪಿತ್ತು. ಆಗಲಿ ಎಂದು ಬಂದ. ಅಂದು ಮಧ್ಯಾಹ್ನ ಒದ್ದೆ ಪಗಡಿಯ ಈ ತುದಿಯಿಂದ ವಿಷಯ ಹೇಳಿದ. ಆ ತುದಿಯಿಂದ ಸರ್ದಾರಾಂ ಕೇಳಿದಳು:

"ಸಕೀನಾಳ ಅಬ್ಬಾ, ಗೋಡೆ ಮೇಲೆ ಒಂದು ಉದ್ದ ಒಂದು ಗಿಡ್ಡ ಒಣಗ್ತಾ ಇದ್ರೆ ಊರೋರು ಏನಂತಾರೆ?"

"ಅದೇ ಯೋಚ್ನೆ."

"ಹಂಡೆ ಹೊರೋಕೆ ನಿಮ್ ಕತ್ತಲ್ಲಿ ತಾಕತ್ತಿದ್ಯಾ?"

"ಇಲ್ಲ."

"ಹಂಗಾದ್ರೆ ಎರಡಕ್ಕೂ ಒಂದೊಂದು ಬೆರಳು ಏರಿಸಿ. ಅವರಿಗೆ 'ನಿಮಗೆ ಮಾತ್ರ' ಅನ್ನಿ. ಇಬ್ಬರೂ ಒಟ್ಟಿಗೆ ನಿಂತು ನೋಡೋ ದಿನ ಈ ಜನ್ಮದಲ್ಲಿ ಬರಲ್ಲ."

ಹಾಗೆಯೇ ಆಯಿತು. ಕರಾರಿಗೆ ಕುಂದು ಬರಲಿಲ್ಲ, ಯಾಕೆಂದರೆ ಎರಡೂ ಸರಿಸಮ. ಮಲಿಕರಿಗೆ ತೃಪ್ತಿ, ಯಾಕೆಂದರೆ ತಮ್ಮದೇ ಎತ್ತರವೆಂಬ ನಂಬಿಕೆ. ಆದರೆ ಮುಂದಿನ ಈದ್‌ನಲ್ಲಿ ರಾಜಾ ಜಹಾನ್‌ದಾದರು ಮೈದಾನದ ಈ ತುದಿಯಿಂದ ಆ ತುದಿಗೆ ಮೂಗು ಚಾಚಿ ನೋಡಿದರು. ಮಾರನೆಯ ದಿನ ತಿತ್ತಿರಿಹಕ್ಕಿಯ ಬೇಟೆಗೆ ಹೊರಟವರ ಹಾಗೆ ಬಂದೂಕು ಹಿಡಿದು ಧೋಬಿಯ ಅಂಗಳದ ಹತ್ತಿರ ಸುಳಿದಾಡಿ, ಯಾರೂ ಇಲ್ಲದಾಗ ಗೋಡೆಯಾಚೆಯಿಂದ ಪಿಸುಗುಟ್ಟಿದರು:

"ಗುಲಾಬ್, ಆ ಹರವಿ ತಲೆ ಮೇಲೆ ಏನೋ ಜಾಸ್ತಿ ಕಾಣ್ಸುತ್ತಲ್ಲೋ."

"ದೂರದಿಂದ ಹಂಗೆ ಕಾಣೋದು, ರಾಜಾ ಸಾಹೇಬ್ರೇ. ಗಿಡ್ಡ ಮನುಷ್ಯನ ಮೇಲೆ ತುರಾಯಿ ಉದ್ದ ಕಾಣುತ್ತೆ."

"ಕಾಣ್ಲಿ. ನಂದು ಒಂದು ಬೆರಳು ಏರಿಸು. ಅವನಿಗೆ ಗೊತ್ತಾಗ್ಬಾರ್ದು. ನೀನಿರೋ ಮನೆ ಅರ್ಧ..."

"ನಿಮ್ಮದು ಹುಜೂರ್, ನೆನಪಿದೆ."

ಮತ್ತೆ ಎರಡಕ್ಕೂ ಒಂದೊಂದು ಬೆರಳು. ಅದನ್ನು ಮಲಿಕರು ದೂರದಿಂದ ಕಂಡರು. ಮತ್ತೆ ಬೈಠಕ್, ಮತ್ತೆ ಹುಲಿ, ಮತ್ತೊಂದು ಬೆರಳು. ಅದನ್ನು ರಾಜರು ಕಂಡರು, ಮತ್ತೆ ತಿತ್ತಿರಿಬೇಟೆ. ತನ್ನ ತಲೆಯ ತುರಾಯಿಯನ್ನು ತಾನು ನೋಡಿಕೊಳ್ಳುವ ಭಾಗ್ಯ ಯಾವ ಸರದಾರನಿಗೂ ಇಲ್ಲ. ಅವನಿಗೆ ಕಾಣುವುದು ಎದುರಿನವನದು ಮಾತ್ರ. ಎದುರಿನವನದು ಯಾವಾಗಲೂ ಎತ್ತರವೇ. ಹೀಗಾಗಿ ಕೋಟ್ ಬಖ್ತಾದ ಎರಡು ತುರಾಯಿಗಳು ವರ್ಷದಿಂದ ವರ್ಷಕ್ಕೆ ಆಕಾಶದ ಕಡೆಗೆ ದಂಡಯಾತ್ರೆ ಹೊರಟವು.

ಬರೀ ನುಚ್ಚಕ್ಕಿಯಿಂದ ಈ ಎತ್ತರ ಸಾಧ್ಯವಿರಲಿಲ್ಲ. ಗುಲಾಬ್ ದೀನ್ ಗಂಜಿಗೆ ಜಾಲಿಯ ಗೋಂದು ಸೇರಿಸಿದ. ಆಮೇಲೆ ಸಕ್ಕರೆ ಸೇರಿಸಿದ. ಆಗ ಇರುವೆಗಳು ಬಂದವು, ಬೇವಿನೆಣ್ಣೆ ಸವರಿದ. ಕೊನೆಗೆ ನೆರಿಗೆಗಳ ಒಳಗೆ ಬಿದಿರಿನ ಸೀಳುಗಳನ್ನು ಹುದುಗಿಸಿದ. ಇತ್ತ ಸರದಾರರ ಪಾಡು ಕೇಳಬೇಡಿ. ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದಿದ್ದ ಸೀಲಿಂಗ್ ಫ್ಯಾನು ರಾಜರ ತುರಾಯಿಯನ್ನು ಹಿಡಿದುಕೊಂಡು, ಏಳು ಗಜ ಪಗಡಿಯನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ತಾನೇ ಸುತ್ತಿಕೊಂಡುಬಿಟ್ಟಿತು; ಅಧಿಕಾರಿ ಫ್ಯಾನಿಗೇ ಸಲಾಮು ಮಾಡಿದನೆಂದು ಮೇಲಿನ ಮೊಹಲ್ಲಾದವರು ಹೇಳಿಕೊಂಡು ನಕ್ಕರು. ಮಲಿಕರಿಗೆ ಬಸ್ಸಿನ ಬಾಗಿಲಲ್ಲಿ ನುಗ್ಗಲು ಆಗುತ್ತಿರಲಿಲ್ಲ. ತಲೆ ಬಗ್ಗಿಸಿ ಹತ್ತುವುದು ಫತ್ಯಾಲರ ರಕ್ತದಲ್ಲಿ ಇಲ್ಲವಾದ್ದರಿಂದ ಅವರು ಬಸ್ಸಿನ ಮೇಲೆ, ಕೋಳಿಗಳ ಪಂಜರ ಮತ್ತು ಈರುಳ್ಳಿ ಮೂಟೆಗಳ ನಡುವೆ, ಸಿಂಹಾಸನಾರೂಢರಾಗಿ ಪಟ್ಟಣಕ್ಕೆ ಹೋಗಿಬರತೊಡಗಿದರು.

ಊರಿನವರು ಗೋಡೆ ನೋಡುತ್ತಿದ್ದರು. ಎರಡೂ ಸರಿಸಮ. ಊರಿಗೆ ಅಷ್ಟು ಸಾಕಿತ್ತು.

ಆಗ ಸ್ಥಳೀಯ ಚುನಾವಣೆ ಬಂತು. ಧಾನ್ಯದ ವ್ಯಾಪಾರಿ ಶೇಖ್ ತುಫೈಲ್ ಎಂಬವನು ಅಧ್ಯಕ್ಷ ಸ್ಥಾನಕ್ಕೆ ನಿಂತ. ಅವನಿಗೆ ಕುಲವಿಲ್ಲ, ಕೋಟೆಯಿಲ್ಲ, ಪಗಡಿಯೇ ಇಲ್ಲ. ಎಣ್ಣೆ ಹಚ್ಚಿ ಬೈತಲೆ ತೆಗೆದ ಬರಿದಲೆ. ಬರಿದಲೆಯವನೊಬ್ಬ ಊರಾಳುವುದೇ! ಈ ಆಘಾತ ಎರಡೂ ಮನೆತನಗಳಿಗೆ ಒಂದೇ ದಿನ ತಟ್ಟಿತು. ಹಿರಿಯರು ಓಡಾಡಿದರು. ಮಲಿಕರ ಮಗನಿಗೆ ರಾಜರ ಮಗಳನ್ನು ಕೊಡುವುದು, ಮತಗಳನ್ನು ಒಂದುಗೂಡಿಸುವುದು ಎಂದು ನಿರ್ಧಾರವಾಯಿತು. ಮದುವೆಯೆಂದ ಮೇಲೆ ಮಿಲ್ನಿ ಇರಲೇಬೇಕಲ್ಲ. ಗಂಡಿನ ತಂದೆ, ಹೆಣ್ಣಿನ ತಂದೆ ಊರೆಲ್ಲರ ಎದುರಿಗೆ ಎದೆಗೆ ಎದೆ ಕೊಟ್ಟು ಅಪ್ಪಿಕೊಳ್ಳಬೇಕು. ಎದೆಗೆ ಎದೆ ಎಂದರೆ ತುರಾಯಿಗೆ ತುರಾಯಿ.

ಸುದ್ದಿ ಕೇಳಿ ಊರು ಕುಣಿಯಿತು. ಗುಲಾಬ್ ದೀನ್ ಹಂಡೆಯ ಪಕ್ಕ ಕುಕ್ಕರಿಸಿಬಿಟ್ಟ.

ಬೈಠಕ್ಕಿನಿಂದ ಕರೆ ಬಂತು. "ಗುಲಾಬ್, ಮಿಲ್ನಿ ದಿನ ನನ್ ಒಂದು ಬೆರಳು ಜಾಸ್ತಿ ಇರೋದು ಕುರುಡನಿಗೂ ಕಾಣ್ಬೇಕು." ಗೋಡೆಯಾಚೆಯಿಂದ ಬಂದೂಕಿನ ಮೂತಿ ಕಂಡಿತು. "ಗುಲಾಬ್, ಅವತ್ತು ಆ ಹರವಿ ನನ್ನ ತುರಾಯಿ ನೋಡಿ ಮುಚ್ಚಳ ಮುಚ್ಕೋಬೇಕು."

ಇಬ್ಬರ ಕಡೆಯಿಂದಲೂ ಆ ಬೆರಳಿಗೆ ಗುಟ್ಟಾಗಿ ಇನಾಮು ಬಂದುಬಿಟ್ಟಿತ್ತು. ಗುಲಾಬ್ ದೀನ್ ಅನ್ನ ಬಿಟ್ಟ. ಒಬ್ಬನದು ಎತ್ತರ ಮಾಡಿದರೆ ಕರಾರು ಮುರಿದಂತೆ. ಹಂಡೆ ತಲೆಯ ಮೇಲೆ. ಸರಿಸಮ ಮಾಡಿದರೆ ಇಬ್ಬರಿಗೂ ಮೋಸ ಗೊತ್ತಾಗುತ್ತದೆ; ಆಗಲೂ ಹಂಡೆ ತಲೆಯ ಮೇಲೆ. ಝೇಲಂ ಪಟ್ಟಣದಲ್ಲಿರುವ ಅಕ್ಕನ ಮನೆಗೆ ಓಡಿಹೋಗೋಣವೆಂದು ಒಮ್ಮೆ, ಜ್ವರ ಬಂತೆಂದು ಮಲಗೋಣವೆಂದು ಒಮ್ಮೆ ಯೋಚಿಸಿದ. ಮೈ ಮುಟ್ಟಿ ನೋಡಿಕೊಂಡರೆ ಜ್ವರವೂ ಇರಲಿಲ್ಲ.

ಸರ್ದಾರಾಂ ಒದ್ದೆ ಪಗಡಿಯ ತುದಿ ಜಗ್ಗಿದಳು. "ನಿಮ್ ಕಡೆ ಬಟ್ಟೆ ಸಡಿಲ ಬಿಟ್ಟಿದೀರಾ."

"ಮನೇನೇ ಹೋಗ್ತಾ ಇದೆ, ಇವಳಿಗೆ ಬಟ್ಟೆ ಚಿಂತೆ!"

"ಎಲ್ಲಿಗೆ ಹೋಗುತ್ತೆ ಮನೆ? ಅದಕ್ಕೇನು ಕಾಲಿದ್ಯಾ? ಕೇಳಿ. ಎರಡನ್ನೂ ಕೂದಲೆಳೆ ವ್ಯತ್ಯಾಸ ಬರದ ಹಂಗೆ ಸರಿಸಮ ಮಾಡಿ. ಅಷ್ಟು ನಿಮ್ ಕೆಲಸ. ಮಿಕ್ಕಿದ್ದನ್ನ ಅವರ ಬಾಯಿಗೆ ಬಿಡಿ."

"ಅವರ ಬಾಯಿ ನೀನು ಕಂಡಿಲ್ಲ. ಮಲಿಕ್ ಸಾಹೇಬ್ರು ಬೈಯೋಕೆ ನಿಂತ್ರೆ ಎಮ್ಮೆ ಹಾಲು ಬತ್ತುತ್ತೆ."

"ಬೈಲಿ ನೋಡೋಣ, ಏನಂತ ಬೈತಾರೆ," ಎಂದಳು ಸರ್ದಾರಾಂ, ಪಗಡಿಯನ್ನು ಮತ್ತೊಮ್ಮೆ ಬೀಸಿ.

ಅವನಿಗೆ ಅರ್ಥವಾಗಲಿಲ್ಲ. ಆದರೆ ಮದುವೆಯಾದಂದಿನಿಂದ ಅರ್ಥವಾಗದ ವಿಷಯಗಳಲ್ಲಿ ಹೆಂಡತಿ ಹೇಳಿದಂತೆ ಮಾಡುವುದು ಅವನ ಪದ್ಧತಿ. ದರ್ಜಿ ಇನಾಯತನ ಟೇಪನ್ನು ಎರವಲು ತಂದು ಅಳೆದ. ಒಣಗಿದ ಮೇಲೆ ಮತ್ತೆ ಅಳೆದ. ಗಾಜಿನ ಸೀಸೆಯಿಂದ ಉಜ್ಜಿ ಹೊಳಪು ಕೊಟ್ಟ. ಅಷ್ಟು ಭಯದಲ್ಲೂ ಎರಡು ತುರಾಯಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಒಂದು ಗಳಿಗೆ ಮೈಮರೆತ. ಅಷ್ಟು ಚಂದದ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಮಿಲ್ನಿಯ ದಿನ ಊರೇ ಮೈದಾನಕ್ಕೆ ಬಂತು. ಮರಗಳ ಮೇಲೆ ಜನ, ಮಾಳಿಗೆಗಳ ಮೇಲೆ ಹೆಂಗಸರು, ಡೋಲಿನ ಗದ್ದಲ. ಮೇಲಿನಿಂದ ಮಲಿಕರು ಇಳಿದು ಬಂದರು, ಕೆಳಗಿನಿಂದ ರಾಜರು ಏರಿ ಬಂದರು. ತುರಾಯಿಗಳು ಬಿಸಿಲಿನಲ್ಲಿ ಕತ್ತಿಗಳಂತೆ ಥಳಥಳಿಸಿದವು. ಹತ್ತಿರ ಹತ್ತಿರ ಬಂದಂತೆ ಇಬ್ಬರೂ ಒಬ್ಬರ ತಲೆಯನ್ನೊಬ್ಬರು ನೋಡಿದರು. ಇಬ್ಬರ ಮುಖವೂ ಕಪ್ಪಿಟ್ಟಿತು. ಎದುರಿನವನ ತುರಾಯಿ ಭಯಂಕರ ಎತ್ತರವಿತ್ತು. ಇಬ್ಬರ ಕಣ್ಣೂ ಜನರ ನಡುವೆ ಗುಲಾಬ್ ದೀನನನ್ನು ಹುಡುಕಿದವು. ಅವನು ದರ್ಜಿ ಇನಾಯತನ ಬೆನ್ನಿನ ಹಿಂದೆ ಇದ್ದ.

ಆದರೂ ಮರ್ಯಾದೆಗೆ ತೋಳು ಚಾಚಿ ಅಪ್ಪಿಕೊಂಡರು. ಎತ್ತರದ ಲೆಕ್ಕ ಯಾರೂ ಹಾಕಿರಲಿಲ್ಲ. ಕುಳ್ಳ ಮಲಿಕರ ತುರಾಯಿ ನೇರವಾಗಿ ಹೋಗಿ ರಾಜರ ಮೂಗಿನ ಹೊಳ್ಳೆಯೊಳಗೆ ಹೊಕ್ಕಿತು. ಸಮಂದಾಲ್ ಕುಲದ ಮೂಗೆಂದರೆ ಸಾಮಾನ್ಯವೇ! ರಾಜರು ಹಿಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಬೋರೆ ಮರದ ಸಮರದಲ್ಲೂ ಕೇಳಿಬಂದಿರದಂಥ ಒಂದು ಸೀನು ಸೀನಿದರು. ಡೋಲಿನವನು ಬೆಚ್ಚಿ ಬಾರಿಸುವುದನ್ನು ನಿಲ್ಲಿಸಿದ. ಮದುಮಗನ ಕುದುರೆ ಸುತ್ತ ತಿರುಗಿ ನಿಂತಿತು.

"ನಮ್ ಮಲಿಕ್ ಸಾಹೇಬ್ರ ಮುಖದ ಮೇಲೆ ಸೀನಿದ್ರು!" ಎಂದು ಮೇಲಿನವರು ಕೂಗಿದರು.

"ನಿಮ್ ಮಲಿಕರ ತುರಾಯಿ ನಮ್ ರಾಜರ ಮೂಗಿಗೆ ಹೆಂಗ್ರೋ ಮುಟ್ತು? ಸರಿಸಮ ಇದ್ರೆ ಮುಟ್ತಿತ್ತಾ? ಅಳೀರಿ!" ಎಂದು ಕೆಳಗಿನವರು.

"ಅಳೀರಿ! ನಿಮ್ಮದನ್ನೂ ಅಳೀರಿ!"

ಕೆಲವರು ಆಗಲೇ ದೊಣ್ಣೆ ಹುಡುಕತೊಡಗಿದ್ದರು. ಮೌಲ್ವಿ ಬರ್ಕತುಲ್ಲಾ ಸಾಹೇಬರು ಕೈ ಎತ್ತಿ ನಡುವೆ ಬಂದರು. ಪೀರರ ಕರಾರನ್ನು ಅಕ್ಷರ ಬಿಡದೆ ಬಾಯಲ್ಲಿ ಇಟ್ಟುಕೊಂಡಿದ್ದವರು ಊರಿನಲ್ಲಿ ಅವರೊಬ್ಬರೇ. ದರ್ಜಿ ಇನಾಯತನನ್ನು ಮುಂದಕ್ಕೆ ಕರೆದರು. ಅವನು ಮುಂದಕ್ಕೆ ಹೋದದ್ದರಿಂದ ಗುಲಾಬ್ ದೀನ್ ಬಯಲಾದ.

ಎರಡೂ ಪಗಡಿಗಳನ್ನು ಒಂದು ಮಂಚದ ಮೇಲೆ ಅಕ್ಕಪಕ್ಕ ಇರಿಸಿದರು. ಬರಿದಲೆಯ ಸರದಾರರಿಬ್ಬರೂ ಗರಿ ಕಿತ್ತ ಹುಂಜಗಳಂತೆ ನಿಂತರು. ದರ್ಜಿ ಒಮ್ಮೆ ಅಳೆದ, ಇನ್ನೊಮ್ಮೆ ಅಳೆದ.

"ಸರಿಸಮ! ಒಂದು ನೂಲೂ ಹೆಚ್ಚಿಲ್ಲ, ಒಂದು ನೂಲೂ ಕಮ್ಮಿಯಿಲ್ಲ!"

ಊರು ಹೋ ಎಂದಿತು. ಮೇಲಿನವರು ಕೆಳಗಿನವರನ್ನು ಅಪ್ಪಿಕೊಂಡರು. ಹೋ ಎನ್ನದವರು ಇಬ್ಬರೇ. ಮಲಿಕರು ಬಾಯಿ ತೆರೆದರು. ಹೇಳಬೇಕಾದದ್ದು 'ನನ್ನದು ಒಂದು ಬೆರಳು ಹೆಚ್ಚಿರಬೇಕಿತ್ತು' ಎಂದು. ಬಾಯಿ ಮುಚ್ಚಿದರು. ರಾಜರು ಬಾಯಿ ತೆರೆದರು. ಅವರಿಗೂ ಹೇಳಲು ಅದೇ ಇತ್ತು. ಅವರೂ ಮುಚ್ಚಿದರು. ಗುಲಾಬ್ ದೀನ್ ಮಾಳಿಗೆಯ ಮೇಲಿದ್ದ ಹೆಂಡತಿಯ ಕಡೆ ನೋಡಿದ. ಅವಳು ಕಡಲೆ ತಿನ್ನುತ್ತಿದ್ದಳು.

ಅಷ್ಟರಲ್ಲಿ ಮೌಲ್ವಿ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಸರಿಸಮ ಇರೋದೇನೋ ನಿಜ. ಆದ್ರೆ ಪೀರ್ ಸಾಹೇಬ್ರು ಹೇಳಿದ್ದು ಒಂದು ಗೇಣು. ಇದು ಎರಡು ಗೇಣಿನ ಹತ್ರ ಇದೆ. ಇಬ್ಬರದೂ ಮೀರಿದೆ. ಕರಾರಿನ ಪ್ರಕಾರ ಮಲಿಕರ ಮನೆ ರಾಜರಿಗೆ, ರಾಜರ ಮನೆ ಮಲಿಕರಿಗೆ."

ಜನ ಇದನ್ನು ಮನಸ್ಸಿನಲ್ಲಿ ಅತ್ತಿಂದಿತ್ತ ಸಾಗಿಸಿ ನೋಡಿದರು. ಮರದ ಮೇಲಿದ್ದವನೊಬ್ಬ ಕೇಳಿದ: "ಹಂಗಾದ್ರೆ ಮದುಮಗಳು ಗಂಡನ ಮನೆಗೆ ಹೋಗ್ಬೇಕಾದ್ರೆ ತವರಲ್ಲೇ ಕೂತಿರ್ಬೇಕಾ?"

ಮಲಿಕ್ ಸರ್‌ಬುಲಂದ್ ಖಾನರ ಹಣೆಯಲ್ಲಿ ಬೆವರು ಮೂಡಿತು. "ಮೌಲ್ವಿ ಸಾಹೇಬ್ರೇ," ಎಂದರು, "ಈ ವರ್ಷ ಮಳೆ ಜಾಸ್ತಿ. ತೇವಕ್ಕೆ ಮಲ್‌ಮಲ್ ಹಿಗ್ಗಿದೆ."

ಆ ವರ್ಷ ಮಳೆ ಬಿದ್ದೇ ಇರಲಿಲ್ಲ. ಮಳೆಗಾಗಿ ಊರ ಹೊರಗೆ ನಮಾಜು ಮಾಡಿಸಿದ್ದವರು ಇದೇ ಮೌಲ್ವಿ ಸಾಹೇಬರು. ಆದರೆ ರಾಜಾ ಜಹಾನ್‌ದಾದರು ತಡಮಾಡಲಿಲ್ಲ.

"ಮಲಿಕ್ ಸಾಹೇಬ್ರು ಹೇಳೋದು ಸತ್ಯ. ನಂದೂ ಹಿಗ್ಗಿದೆ. ನೋಡಿ, ಕೆಳಗಿನ ಮೊಹಲ್ಲಾದಲ್ಲಿ ತೇವ ಇನ್ನೂ ಜಾಸ್ತಿ."

"ಮೇಲಿನ ಮೊಹಲ್ಲಾದಲ್ಲೂ ಅಷ್ಟೇ ತೇವ ಇದೆ," ಎಂದರು ಮಲಿಕರು ಬಿರುಸಾಗಿ.

"ಸರಿ, ತೇವಾನೂ ಸರಿಸಮ," ಎಂದು ಮೌಲ್ವಿ ಸಾಹೇಬರು ಗುಲಾಬ್ ದೀನನ ಕಡೆ ತಿರುಗಿದರು. "ಏನಪ್ಪಾ, ಬಟ್ಟೆ ಹಿಂಗೂ ಬೆಳೆಯುತ್ತಾ?"

ಇಡೀ ಊರು ಅವನನ್ನು ನೋಡಿತು. ಎರಡೂ ಮನೆತನಗಳ ಚರಿತ್ರೆಯಲ್ಲಿ ಫತ್ಯಾಲರೂ ಸಮಂದಾಲರೂ ಎದುರೆದುರು ನಿಂತು ಒಂದೇ ಮಾತನ್ನು ಒಪ್ಪಿದ್ದು ಅದೇ ಮೊದಲು. ಅದನ್ನು ಕೆಡಹುವ ಧೈರ್ಯ ಧೋಬಿಗೆ ಎಲ್ಲಿಂದ ಬರಬೇಕು?

"ದೊಡ್ಡೋರ ತಲೆ ಮೇಲೆ ಇದ್ರೆ ಏನ್ ಬೇಕಾದ್ರೂ ಬೆಳೆಯುತ್ತೆ, ಮೌಲ್ವಿ ಸಾಹೇಬ್ರೇ," ಎಂದ ಗುಲಾಬ್ ದೀನ್.

ಮೌಲ್ವಿ ಸಾಹೇಬರು ಅವನನ್ನೇ ದಿಟ್ಟಿಸಿ, ಗಡ್ಡದೊಳಗೆ ನಕ್ಕು, ನಿಕಾಹ್‌ಗೆ ಹೊತ್ತಾಯಿತು ಎಂದರು. ಡೋಲು ಮತ್ತೆ ಶುರುವಾಯಿತು.

ಊಟದ ಹೊತ್ತಿಗೆ ಗುಲಾಬ್ ದೀನ್ ಪುಲಾವಿನ ದೊಡ್ಡ ಡೇಗುಗಳ ಹಿಂದೆ ಅಡಗಿ ಕೂತಿದ್ದ. ಮೊದಲು ಮಲಿಕರ ಕೈ ಬಂದು ಅವನ ಟವೆಲನ್ನು ಹಿಡಿಯಿತು.

"ಕಳ್ಳಾ! ಒಂದು ಬೆರಳು ಅಂದೆ. ಎಲ್ಲೋ ಆ ಬೆರಳು?"

ಗುಲಾಬ್ ದೀನ್ ಉತ್ತರ ಕೊಡುವ ಮೊದಲೇ ಇನ್ನೊಂದು ಡೇಗಿನ ಆಚೆಯಿಂದ ಉದ್ದನೆಯ ಮೂಗು ಮೂಡಿಬಂತು. "ಗುಲಾಬ್, ಬೇಟೆಗೆ ಹೋಗೋಕೆ ಮುಂಚೆ ನಿನ್ನನ್ನ..." ರಾಜರು ಮಲಿಕರನ್ನು ಕಂಡರು. ಮಲಿಕರು ರಾಜರನ್ನು ಕಂಡರು. ಡೇಗಿನ ಹಬೆ ಇಬ್ಬರ ನಡುವೆ ಏರುತ್ತಿತ್ತು.

"ನಿಮಗೂ ಒಂದು ಬೆರಳಾ?" ಎಂದರು ರಾಜರು.

"ನಿಮಗೂ?" ಎಂದರು ಮಲಿಕರು.

ಗಂಡನನ್ನು ಹುಡುಕಿಕೊಂಡು ಸರ್ದಾರಾಂ ತಟ್ಟೆ ಹಿಡಿದು ಬಂದಳು. ಇಬ್ಬರು ಸರದಾರರ ನಡುವೆ ಟವೆಲು ಹಿಡಿಸಿಕೊಂಡು ನಿಂತ ಗಂಡನನ್ನು ನೋಡಿ, ತಟ್ಟೆಯನ್ನು ಕೆಳಗಿಟ್ಟು, ದುಪಟ್ಟಾ ಸರಿಮಾಡಿಕೊಂಡಳು.

"ಮಲಿಕ್ ಸಾಹೇಬ್ರೇ, ರಾಜಾ ಸಾಹೇಬ್ರೇ, ಮೌಲ್ವಿ ಸಾಹೇಬ್ರು ಅಲ್ಲೇ ಊಟ ಮಾಡ್ತಾ ಇದಾರೆ. ಇವರು ಏನ್ ಮೋಸ ಮಾಡಿದ್ರು ಅಂತ ಅವರ ಮುಂದೆ ಹೇಳಿಬಿಡಿ. ನಾಳೆ ಬೆಳಿಗ್ಗೆ ಹಂಡೆ ನಾನೇ ಹೊತ್ಕೊಂಡು ಹೋಗ್ತೀನಿ."

ಮಲಿಕರು ಟವೆಲು ಬಿಟ್ಟರು. ಇಬ್ಬರೂ ಪುಲಾವಿನ ಬಗ್ಗೆ ವಿಶೇಷ ಆಸಕ್ತಿ ಬಂದವರಂತೆ ಡೇಗಿನೊಳಗೆ ಇಣುಕಿದರು. ಮಲಿಕರು ತಗ್ಗಿದ ದನಿಯಲ್ಲಿ ಕೇಳಿದರು:

"ಬೆರಳಿಗೆ ನೀವು ಏನ್ ಕೊಟ್ರಿ?"

"ಒಂದು ರಜಾಯಿ. ಹೊಸದು. ನೀವು?"

"ರಜಾಯಿ!" ಮಲಿಕರು ಡೇಗಿನಿಂದ ತಲೆ ಎತ್ತಿದರು. "ಬರೀ ರಜಾಯಿ? ನಾನು ಒಂದು ಪಡ್ಡೆ ಎಮ್ಮೆ ಕೊಟ್ಟಿದೀನ್ರೀ! ಅದೇ ಬೆರಳಿಗೆ!"

ರಾಜರು ನಗುವುದನ್ನು ತಡೆಯಲು ನೋಡಿದರು, ಆಗಲಿಲ್ಲ. ಅವರು ನಕ್ಕದ್ದನ್ನು ನೋಡಿ ಮಲಿಕರು ಕೆರಳಬೇಕಿತ್ತು. ಆದರೆ ಅವರ ಹೊಟ್ಟೆ ಅವರ ಮಾತು ಕೇಳದೆ ತಾನಾಗಿಯೇ ಕುಲುಕಾಡತೊಡಗಿತು. ಇಬ್ಬರೂ ಡೇಗನ್ನು ಹಿಡಿದುಕೊಂಡು ನಕ್ಕರು. ಅತ್ತ ಜನ, ಬೀಗರು ಅದೆಷ್ಟು ಬೇಗ ಒಂದಾದರು ಎಂದು ಕಣ್ಣೊರೆಸಿಕೊಂಡರು.

ಆದರೆ ಎತ್ತರದಿಂದ ಇಳಿಯುವುದು ಸುಲಭವಾಗಿರಲಿಲ್ಲ. ಮೊದಲು ಇಳಿಯಲು ಯಾರೂ ಒಪ್ಪಲಿಲ್ಲ. ಕೊನೆಗೆ ಪ್ರತಿ ಈದ್‌ಗೆ ಎರಡೂ ಒಟ್ಟಿಗೆ ಒಂದೊಂದು ಬೆರಳು ಇಳಿಸುವುದೆಂದು ಅಲ್ಲೇ ಡೇಗಿನ ಹಿಂದೆ ತೀರ್ಮಾನವಾಯಿತು. ಹಾಗೆ ತುರಾಯಿಗಳು ಮತ್ತೆ ಗೇಣಿಗೆ ಬಂದವು, ಮಲಿಕರು ಬಸ್ಸಿನೊಳಗೆ ಬಂದರು. ಚುನಾವಣೆಯಲ್ಲಿ ಮಾತ್ರ ಬರಿದಲೆಯ ಶೇಖ್ ತುಫೈಲನೇ ಗೆದ್ದ. ಅದಕ್ಕೆ ಕಾರಣ ನೀವು, ನೀವು ಎಂದು ಬೀಗರು ಇಂದಿಗೂ ವಾದ ಮಾಡುತ್ತಾರೆ, ಈಗ ಒಂದೇ ಮಂಚದ ಮೇಲೆ ಕೂತು.

ಗುಲಾಬ್ ದೀನನ ಮನೆಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೂ ತಪ್ಪಾಗುತ್ತದೆ. ಮದುವೆಯ ಮರುದಿನವೇ ರಾಜರ ಆಳು ಒಂದು ಪಡ್ಡೆ ಎಮ್ಮೆಯನ್ನು ಹೊಡೆದುಕೊಂಡು ಬಂದ. ಫತ್ಯಾಲರು ಎಮ್ಮೆ ಕೊಟ್ಟಲ್ಲಿ ಸಮಂದಾಲರು ಬರೀ ರಜಾಯಿ ಕೊಟ್ಟರೆಂಬ ಮಾತು ಉಳಿಯಬಾರದಲ್ಲ. ಅದರ ಹಿಂದೆಯೇ ಮಲಿಕರ ಆಳು ರಜಾಯಿ ಹೊತ್ತು ಬಂದ; ಸಮಂದಾಲರದು ಎಮ್ಮೆಯೂ ರಜಾಯಿಯೂ ಆಗಿ, ತಮ್ಮದು ಎಮ್ಮೆಯೊಂದೇ ಆಗಬಾರದಲ್ಲ. ಗುಲಾಬ್ ದೀನ್ ಅಂಗಳದ ನಡುವೆ ನಿಂತು ಒಮ್ಮೆ ಎಮ್ಮೆಗಳನ್ನೂ ಒಮ್ಮೆ ರಜಾಯಿಗಳನ್ನೂ ನೋಡುತ್ತಿದ್ದ.

ಎರಡನೆಯ ಎಮ್ಮೆಗೆ ಗೂಟ ಹೊಡೆಯುತ್ತಾ ಸರ್ದಾರಾಂ ಹೇಳಿದಳು: "ನೀವು ಬೇರೆ, ಬರೀ ಒಂದು ಬೆರಳು ಅಂತ ಒಪ್ಕೊಂಡ್ರಿ. ಶುರುವಿನಲ್ಲೇ ಎರಡು ಅಂದಿದ್ರೆ ಈಗ ಕೊಟ್ಟಿಗೆ ಕಟ್ಟಿಸ್ಬೇಕಾಗ್ತಿತ್ತು."